ಮಸಿ ನಮ್ಮದು, ಮುಖ ಅವರದು

ಡಿಸೆಂಬರ್ ಬಂತೆಂದರೆ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ.ಕೋಟೆಯ ಶಾಲೆಗಳಲ್ಲಿ ವಾರ್ಷಿಕೋತ್ಸವದ ಸುಗ್ಗಿ. ಕಾಡಿಗಿಂತ ಭತ್ತವೇ ಹೆಚ್ಚು ಬೆಳೆಯುವ ಕೆ.ಆರ್.ನಗರವೂ ಹಿಂದೆ ಬೀಳುವುದಿಲ್ಲ. ಸ್ವಾಗತಗೀತೆ, ಭಾಷಣ, ಮತ್ತೂ ಒಂದು ಭಾಷಣ. ಆಮೇಲೆ ಎಲ್ಲರೂ ಕಾದು ಕೂತ ‘ಕಾಡು ಜನರ ನೃತ್ಯ’. ಮಕ್ಕಳ ಮೈಗೆ ಮಸಿ, ಸೊಂಟಕ್ಕೆ ಸೊಪ್ಪು, ಕೈಗೆ ರಟ್ಟಿನ ಈಟಿ, ಬಾಯಿಗೆ ‘ಜಿಂಗಾಲಾಲ’. ಅಪ್ಪ ಅಮ್ಮಂದಿರ ಮೊಬೈಲುಗಳು ಒಟ್ಟಿಗೇ ಮೇಲೇಳುತ್ತವೆ.

ನಮ್ಮ ಕಾಡಿನ ಹಾಡಿಗಳಲ್ಲಿ ಜಿಂಗಾಲಾಲ ಎನ್ನುವ ಜೇನುಕುರುಬರಾಗಲಿ, ಬೆಟ್ಟಕುರುಬರಾಗಲಿ, ಯರವರಾಗಲಿ ನನಗಂತೂ ಸಿಕ್ಕಿಲ್ಲ. ಅದು ಸಿನಿಮಾದವರ ಮಾತೃಭಾಷೆ. ಹಾಡಿಯ ಹುಡುಗರು ಜೀನ್ಸ್ ತೊಟ್ಟು, ಕೊಡಗಿನ ಕಾಫಿ ತೋಟದ ಕೂಲಿಗೆಂದು ಬೆಳಗಾಗುತ್ತಲೇ ಜೀಪು ಹತ್ತುತ್ತಾರೆ. ಡ್ಯಾನ್ಸ್ ಮೇಷ್ಟ್ರಿಗೆ ಇದು ಅಷ್ಟು ನೈಜ ಅನ್ನಿಸುವುದಿಲ್ಲ.

ಮೇಷ್ಟ್ರ ಘರಾಣೆ ಅಮೆರಿಕದ್ದು. 1843ರಲ್ಲಿ ವರ್ಜೀನಿಯಾ ಮಿನ್‌ಸ್ಟ್ರೆಲ್ಸ್ ಎಂಬ ನಾಲ್ವರು ಬಿಳಿಯರು ನ್ಯೂಯಾರ್ಕಿನಲ್ಲಿ ಸುಟ್ಟ ಬಿರಡೆಯ ಮಸಿ ಬಳಿದುಕೊಂಡು, ಬ್ಯಾಂಜೋ ಬಾರಿಸಿ, ತೋಟದ ಗುಲಾಮರು ಇರುವುದೇ ಹೀಗೆ ಎಂದು ಕುಣಿದು ತೋರಿಸಿದರು. ಬಕ್ಲಿ ಸೆರೆನೇಡರ್ಸ್ ತಂಡವಂತೂ ಸಿರಿವಂತರು ಮೆಚ್ಚುವ ಇಟಲಿಯ ಒಪೆರಾಗಳನ್ನೇ ಅದೇ ಮಸಿಮುಖದಲ್ಲಿ ಅಣಕವಾಡಿತು. ಗೇಲಿ ಸಾಹುಕಾರನ ಒಪೆರಾದ್ದು, ಬಾಡಿಗೆ ಕೊಡದೆ ಎತ್ತಿಕೊಂಡ ಮುಖ ಗುಲಾಮನದು. ಕೊನೆಗೆ ಕರಿಯರೇ ರಂಗಕ್ಕೆ ಬಂದಾಗ ಬರ್ಟ್ ವಿಲಿಯಮ್ಸ್‌ನಂಥ ಮಹಾನಟನೂ ಮಸಿ ಬಳಿದುಕೊಳ್ಳಬೇಕಾಯಿತು. ಹುಟ್ಟಿನಿಂದ ಬಂದ ಬಣ್ಣ ಪ್ರೇಕ್ಷಕರಿಗೆ ಸಾಲದು! ನಮ್ಮ ಉತ್ಸವಗಳಲ್ಲೂ ಅಷ್ಟೆ. ಹಾಡಿಯವರನ್ನು ಮೆರವಣಿಗೆಗೆ ಕರೆಸಿ, “ಏನ್ರಪ್ಪಾ, ಪ್ಯಾಂಟ್ ಹಾಕ್ಕೊಂಡ್ ಬಂದಿದ್ದೀರಾ, ಸೊಪ್ಪೆಲ್ಲಿ?” ಎನ್ನಲು ಒಬ್ಬ ವ್ಯವಸ್ಥಾಪಕ ಇದ್ದೇ ಇರುತ್ತಾನೆ.

ಕರಾವಳಿಯವರು ಅಷ್ಟಮಿಗೆ ಮಸಿ ಬಳಿದುಕೊಂಡು ‘ಕೊರಗ ವೇಷ’ ಹಾಕುತ್ತಿದ್ದರು. ಅಲ್ಲಿನ ಆದಿವಾಸಿಗಳಾದ ಕೊರಗರು ಸುಮ್ಮನಿರಲಿಲ್ಲ. ಅವರಿಗೆ ಕೂದಲು, ಉಗುರು ಬೆರೆಸಿದ ಅನ್ನ ಉಣಿಸುವುದು, ಕಂಬಳಕ್ಕೆ ಮುನ್ನ ಅವರನ್ನು ಕೋಣಗಳಂತೆ ಓಡಿಸುವುದು ಇವೆಲ್ಲ ಸೇರಿದ ‘ಅಜಲು’ ಪದ್ಧತಿ ಅಪರಾಧವೆಂದು ಅಜಲು ನಿಷೇಧ ಕಾಯ್ದೆ ಹೇಳಿದ್ದು 2000ದಲ್ಲಿ. ಹೌದು, ಎರಡು ಸಾವಿರದ ಇಸವಿಯಲ್ಲಿ. ನಮ್ಮ ಜಿಂಗಾಲಾಲಕ್ಕೆ ಇನ್ನೂ ಬಹುಮಾನವೇ ಬರುತ್ತಿದೆ.

ಅಣಕವೆಂದರೇನೆಂದು ಕಲಿಯಬೇಕಿದ್ದರೆ ಮೇ ತಿಂಗಳಲ್ಲಿ ಹುಣಸೂರಿನಿಂದ ಗೋಣಿಕೊಪ್ಪದ ಬಸ್ಸು ಹತ್ತಿ. ಪಂಚವಳ್ಳಿ, ಆನೆಚೌಕೂರು ದಾಟಿ ತಿತಿಮತಿ ಸೀಮೆಗೆ ಬಂದರೆ ಅಲ್ಲಿ ದೇವರಪುರದ ಕುಂಡೆ ಹಬ್ಬ. ಬೇಟೆಗೆಂದು ಹಾಡಿಯವರನ್ನು ಕಾಡಿಗೆ ಕರೆತಂದ ಅಯ್ಯಪ್ಪ, ಭದ್ರಕಾಳಿಯನ್ನು ಕಂಡದ್ದೇ ಇವರನ್ನು ನಡುಗಾಡಲ್ಲಿ ಬಿಟ್ಟು ಹೋದನಂತೆ. ಆ ಸಿಟ್ಟು ಇನ್ನೂ ಆರಿಲ್ಲ. ಗಂಡಸರು ಹೆಂಗಸರ ಬಟ್ಟೆ ಉಟ್ಟು, ಸಿಕ್ಕ ಡಬ್ಬ ಬಡಿದು, ದೇವರಿಗೇ ಮುಖಾಮುಖಿ ಬೈಯುತ್ತಾರೆ. ದೇವರಿಗಾದ ಮೇಲೆ ದಾರಿಹೋಕರ ಸರದಿ. ಕಾರು ತಡೆದು, ಬೈದು, ಬೈದದ್ದಕ್ಕೆ ಕಾಸನ್ನೂ ವಸೂಲಿ ಮಾಡುತ್ತಾರೆ. ಹತ್ತು ರೂಪಾಯಿ ಕೊಟ್ಟು ಗಾಜು ಏರಿಸಿಕೊಂಡವರು ಮುಂದೆ ಸಿಗುವ ಟೀ ಅಂಗಡಿಯಲ್ಲಿ “ಥೂ, ಏನು ಅಸಭ್ಯ ಜನ” ಎನ್ನುತ್ತಾರೆ. ಇವರ ಮಗನೇ ಡಿಸೆಂಬರಿನಲ್ಲಿ ಸೊಪ್ಪು ಕಟ್ಟಿಕೊಂಡವನು.

ಶಾಲೆಯವರಲ್ಲಿ ಒಂದು ಅರಿಕೆ. ಈ ಸಲ ಹಾಡಿಯ ಮಕ್ಕಳಿಗೆ ‘ನಾಡು ಜನರ ನೃತ್ಯ’ ಮಾಡಲು ಹದಿನೈದು ನಿಮಿಷ ಕೊಡಿ. ಕೂಲಿಂಗ್ ಗ್ಲಾಸು, ಸಫಾರಿ ಜೀಪು, ಹುಲಿ ಕಂಡೊಡನೆ ಕಿರುಚುವ ಪ್ರವಾಸಿ, ಗೇಟಿನಲ್ಲಿ ಗುರುತಿನ ಚೀಟಿ ಕೇಳುವ ಗಾರ್ಡು, ಎಲ್ಲವನ್ನೂ ಅವರೇ ನೋಡಿ ಕಲಿತಿದ್ದಾರೆ. ಮುಖಕ್ಕೆ ಬಳಿಯಲು ಫೇರ್‌ನೆಸ್ ಕ್ರೀಮು ಬೇಕಾದೀತು. ಅದರ ಖರ್ಚನ್ನು ಪೋಷಕರ ಸಂಘದ ಲೆಕ್ಕಕ್ಕೆ ಬರೆಯಿರಿ.