ಏನಿರಬೇಕು ಅಂತ ಬರೆದರೆ ಸಾಕು

ನಿಮ್ಮ ಮಗ ದಿನವಿಡೀ ‘ಯಾಮಲ್, ಯಾಮಲ್’ ಅಂತಾನಲ್ಲ, ಅದೇನದು ಅಂತ ಕೇಳಿದಿರಿ ಅಕ್ಕಾ. ಅದು ಪ್ರೋಗ್ರಾಮೂ ಅಲ್ಲ, ಬರೀ ಒಂದು ಫೈಲು. ಆದರೆ ಈಗ ಎಷ್ಟೋ ಕಂಪನಿಗಳ ಸರ್ವರ್ ನಡೆಯೋದು ಆ ಫೈಲು ಹೇಳಿದ ಹಾಗೆ.

ಮುಂಚೆ ಸರ್ವರಿಗೆ ಲಾಗಿನ್ ಆಗಿ ಒಂದೊಂದೇ ಕಮಾಂಡ್ ಹೊಡೀಬೇಕಿತ್ತು. ಹೊಡೆದವನು ಕೆಲಸ ಬಿಟ್ಟರೆ ಏನೇನು ಮಾಡಿದ್ದ ಅನ್ನೋದೂ ಅವನ ಜೊತೆಗೇ ಹೋಗೋದು. 2013ರಲ್ಲಿ ಡಾಕರ್ ಬಂತು. ಪ್ರೋಗ್ರಾಮನ್ನೂ ಅದಕ್ಕೆ ಬೇಕಾದ ಲೈಬ್ರರಿಗಳನ್ನೂ ಒಂದೇ ಇಮೇಜಾಗಿ ಕಟ್ಟಿಡೋದು ಸಲೀಸಾಯ್ತು. ಮರುವರ್ಷ ಗೂಗಲ್, ಅಂಥ ಇಮೇಜುಗಳನ್ನು ಸರ್ವರುಗಳಲ್ಲಿ ಓಡಿಸಿ ನೋಡಿಕೊಳ್ಳೋ ಕುಬರ್ನೆಟಿಸ್ ಅನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಅದರ ಸೊಗಸು ಏನು ಗೊತ್ತಾ? ಹೇಗೆ ಮಾಡಬೇಕು ಅಂತ ಹೇಳಿಕೊಡಬೇಕಿಲ್ಲ, ಏನಿರಬೇಕು ಅಂತ ಯಾಮಲ್ ಫೈಲಿನಲ್ಲಿ ಬರೆದರೆ ಆಯ್ತು. ‘ರೆಪ್ಲಿಕಾಸ್: 3’ ಅಂತಿದ್ದರೆ ಆ ಪ್ರೋಗ್ರಾಮಿನ ಮೂರು ಪ್ರತಿ ಓಡುತ್ತಿರಬೇಕು. ನಡುರಾತ್ರಿ ಒಂದು ಬಿದ್ದುಹೋದರೆ, ಯಾರನ್ನೂ ಎಬ್ಬಿಸದೆ ಕುಬರ್ನೆಟಿಸೇ ಇನ್ನೊಂದನ್ನು ಶುರು ಮಾಡುತ್ತೆ. ನನಗಂತೂ ಇವತ್ತಿಗೂ ಇದು ಬಹಳ ಇಷ್ಟ.

ಆದರೆ ಬರೆಯುವಾಗ ಮೈಯೆಲ್ಲ ಕಣ್ಣಾಗಿರಬೇಕು. ಸಾಲಿನ ಶುರುವಿನಲ್ಲಿ ಸ್ಪೇಸ್ ಬದಲು ಟ್ಯಾಬ್ ಒತ್ತಿದರೆ ಫೈಲೇ ಓದಲ್ಲ. ಅದಾದರೂ ವಾಸಿ, ತಕ್ಷಣ ಗೊತ್ತಾಗುತ್ತೆ. ಮೆಮೊರಿ ಎಷ್ಟು ಬೇಕು ಅನ್ನೋ ಕಡೆ 512ರ ಮುಂದೆ ಬರೀ ಸಣ್ಣ ‘ಎಂ’ ಬರೆದು ನೋಡಿ. ಡಾಕರಿನದೇ ಕಂಪೋಸ್ ಅನ್ನೋ ಸಾಧನದಲ್ಲಿ ಅದು ಮೆಗಾಬೈಟ್. ಕುಬರ್ನೆಟಿಸ್ ಲೆಕ್ಕದಲ್ಲಿ ಮಿಲಿ, ಅಂದರೆ ನೀವು ಕೇಳಿದ್ದು ಅರ್ಧ ಬೈಟ್ ಚಿಲ್ಲರೆ! ಇನ್ನೊಂದಿದೆ. ನಾರ್ವೆಯ ಎರಡಕ್ಷರದ ಕೋಡ್ ‘ಎನ್‌ಓ’. ಕೋಟ್ ಹಾಕದೆ ಬರೆದರೆ ಯಾಮಲ್ 1.1ರ ನಿಯಮದಲ್ಲಿ ಅದು ದೇಶವಲ್ಲ, ‘ಇಲ್ಲ’ ಅನ್ನೋ ಉತ್ತರ.

ಇವೆಲ್ಲ ಅಭ್ಯಾಸವಾಗುತ್ತೆ ಬಿಡಿ. ನನಗೆ ನಿಜವಾಗಿ ಸಂಕಟವಾಗೋದು ಬೇರೆ. ಅವಸರ ಅಂತ ಓಡುತ್ತಿರೋ ಕ್ಲಸ್ಟರಿಗೇ, ಅಂದರೆ ಕುಬರ್ನೆಟಿಸ್ ನೋಡಿಕೊಳ್ಳೋ ಸರ್ವರುಗಳ ಗುಂಪಿಗೇ, ಕೈಹಾಕಿ ತಿದ್ದಿ, ಫೈಲನ್ನು ಹಾಗೇ ಬಿಡ್ತಾರೆ. ನಾಳೆ ಇನ್ಯಾರೋ ಅದೇ ಫೈಲನ್ನು ಅಪ್ಲೈ ಮಾಡಿದರೆ ತಿದ್ದಿದ್ದು ಮಾಯ. ಇಮೇಜಿಗೆ ‘ಲೇಟೆಸ್ಟ್’ ಅಂತ ಬರೆಯೋದೂ ಅಷ್ಟೇ ಕೆಟ್ಟದ್ದು, ಯಾವ ವರ್ಷನ್ ಓಡುತ್ತಿದೆ ಅಂತ ಫೈಲು ನೋಡಿ ಹೇಳೋಕಾಗಲ್ಲ.

ಹಾಗಾಗಿ ಮಗನಿಗೆ ಹೇಳಿ ಅಕ್ಕಾ: ವರ್ಷನ್ ನಂಬರ್ ಬರೆದೇ ಬರೀಲಿ, ತಿದ್ದೋದಿದ್ದರೆ ಫೈಲಿನಲ್ಲೇ ತಿದ್ದಿ, ಬದಲಾವಣೆಗಳ ದಾಖಲೆ ಇಡೋ ಗಿಟ್‌ಗೆ ಹಾಕಲಿ. ಪಾಸ್‌ವರ್ಡ್ ಮಾತ್ರ ಬೇಡ. ಕುಬರ್ನೆಟಿಸಿನ ಸೀಕ್ರೆಟ್ ಫೈಲಿನಲ್ಲಿ ಅದು ಕಾಣೋದು ಬೇಸ್64 ರೂಪದಲ್ಲಿ, ಅದು ಬೀಗವಲ್ಲ, ಯಾರು ಬೇಕಾದರೂ ಬಿಚ್ಚಿ ಓದಬಹುದು.