ಮೊಣಕೈ ಮೇಲಿನ ಕಾನೂನು

ಬೆಂಗಳೂರಿನ ಶ್ರೀನಗರದಿಂದ ಕೆ.ಜಿ. ರಸ್ತೆಯ ಕಚೇರಿಗೆ ದಿನವೂ ಬೈಕಿನಲ್ಲಿ ಹೋಗುವ ಹೆಲ್ಮೆಟ್ಟಣ್ಣನವರನ್ನು ನೀವು ನೋಡಿಯೇ ಇರುತ್ತೀರಿ. ಇಲ್ಲಿ ಕಾಣದಿದ್ದರೆ ಮೈಸೂರಿನ ಕುವೆಂಪುನಗರದಲ್ಲೋ ಹುಬ್ಬಳ್ಳಿಯ ವಿದ್ಯಾನಗರದಲ್ಲೋ ಎದುರಾಗಿರುತ್ತಾರೆ. ವಯಸ್ಸು ನಲವತ್ತೈದರ ಆಸುಪಾಸು, ಹಳೆಯ ಸ್ಪ್ಲೆಂಡರ್, ಟ್ಯಾಂಕಿನ ಮೇಲೆ ಊಟದ ಬ್ಯಾಗು, ಎಡ ಮೊಣಕೈಗೆ ಹೆಲ್ಮೆಟ್. ಇಷ್ಟು ನೋಡಿ ಇವರಿಗೆ ಕಾನೂನು ಗೊತ್ತಿಲ್ಲ ಅಂದುಕೊಂಡರೆ ಮೋಸ ಹೋದಿರಿ. ಅದು ಎಲ್ಲಿ ನಿಂತಿರುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ, ಕಾಫಿಗೆ ಯಾವಾಗ ಹೋಗುತ್ತದೆ, ಮಳೆ ಹನಿದರೆ ಯಾವ ಅಂಗಡಿಯ ಸೂರಿನಡಿ ಸರಿಯುತ್ತದೆ, ಎಲ್ಲವೂ ಇವರಿಗೆ ಬಾಯಿಪಾಠ.

"ಹನುಮಂತನಗರದಲ್ಲಿ ಏನೂ ತೊಂದ್ರೆ ಇಲ್ಲ ಸಾರ್. ಆಶ್ರಮದ ಸರ್ಕಲ್‌ನಲ್ಲಿ ಹತ್ತು ಗಂಟೆವರೆಗೂ ಇರ್ತಾರೆ. ಮಿನರ್ವದಲ್ಲಿ ಹಾಕ್ಕೊಂಡ್ರೆ ಜೆ.ಸಿ. ರೋಡಲ್ಲಿ ತೆಗೀಬಹುದು. ಟೌನ್ ಹಾಲ್ ಹತ್ರ ಮತ್ತೆ ಹಾಕ್ಕೋಬೇಕು. ತಿಂಗಳ ಕೊನೇ ವಾರ ಮಾತ್ರ ಸ್ವಲ್ಪ ಹುಷಾರಾಗಿರಬೇಕು."

ಹೆಲ್ಮೆಟ್ಟಣ್ಣ ಹೆಲ್ಮೆಟ್ ಧರಿಸುವುದನ್ನು ಹತ್ತಿರದಿಂದ ನೋಡಬೇಕು. ಸರ್ಕಲ್ ಇನ್ನೇನು ಮೂವತ್ತು ಮೀಟರ್ ಇದೆ ಎನ್ನುವಾಗ ಎಡಗೈ ಕ್ಲಚ್ಚನ್ನು ಬಿಟ್ಟು ಮೇಲೇಳುತ್ತದೆ. ಹೆಲ್ಮೆಟ್ ಮೊಣಕೈಯಿಂದ ಮಣಿಕಟ್ಟಿಗೆ ಜಾರುತ್ತದೆ, ಅಲ್ಲಿಂದ ಒಂದು ಪಲ್ಟಿ ಹೊಡೆದು ತಲೆಯ ಮೇಲೆ ಬರುತ್ತದೆ. ಆ ಗಳಿಗೆಯಲ್ಲಿ ಕಣ್ಣು ಪೂರ್ತಿ ಮುಚ್ಚಿರುತ್ತದೆ. ಬೈಕು ತನ್ನ ಅನುಭವದ ಮೇಲೆ ಒಂದಷ್ಟು ದೂರ ಸಾಗುತ್ತದೆ. ಹಿಂದಿನ ಬಿಎಂಟಿಸಿ ಬಸ್ಸು ಬೊಬ್ಬೆ ಹಾಕುತ್ತದೆ. ಕೊನೆಗೆ ಒಂದು ಕಿವಿ ಒಳಗೆ, ಇನ್ನೊಂದು ಮಡಚಿಕೊಂಡು ಅರ್ಧ ಹೊರಗೆ, ಎರಡು ಪಟ್ಟಿಗಳೂ ಗಾಳಿಗೆ ಪಟಪಟ ಅನ್ನುತ್ತಾ ಅವರು ಪೊಲೀಸರ ಮುಂದೆ ಗಂಭೀರವಾಗಿ ಹಾದುಹೋಗುತ್ತಾರೆ. ಇಡೀ ದಾರಿಯಲ್ಲಿ ಅವರ ಜೀವಕ್ಕೆ ಅತಿ ಹೆಚ್ಚು ಅಪಾಯ ಇರುವುದು ಕಾನೂನು ಪಾಲಿಸುವ ಈ ಅರ್ಧ ನಿಮಿಷದಲ್ಲೇ.

ಪಟ್ಟಿ ಬಿಗಿದು ತಲೆಗೆ ಭದ್ರವಾಗಿ ಕೂರಿಸಬೇಕು ಎಂದು ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಹೇಳುತ್ತದೆ. ಅದು ಸೆಕ್ಷನ್ ಬರೆದವರ ಅಭಿಪ್ರಾಯ ಎಂದು ಹೆಲ್ಮೆಟ್ಟಣ್ಣ ಹೇಳುತ್ತಾರೆ.

ಹೆಲ್ಮೆಟ್ಟಾದರೂ ಎಂಥದ್ದು? ಕಿವಿಯವರೆಗೂ ಇಳಿಯಲು ಮನಸ್ಸಿಲ್ಲದ ಟೋಪಿ. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವ ಹಾಗಿಲ್ಲ. ಇದರಲ್ಲಿ ಆ ಗುರುತು ಇತ್ತು, ಮೊದಲ ಮಳೆಯವರೆಗೆ. ಹೆಲ್ಮೆಟ್ ಯಾವತ್ತೂ ದಂಡಕ್ಕಿಂತ ಅಗ್ಗವಾಗಿರಬೇಕು ಎಂಬುದು ಅವರ ಅರ್ಥಶಾಸ್ತ್ರ. 2019ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಹೆಲ್ಮೆಟ್ ಇಲ್ಲದ ಸವಾರಿಗೆ ದಂಡ 1,000 ರೂಪಾಯಿ ಆದಾಗ ಅವರು ಒಳ್ಳೆಯ ಹೆಲ್ಮೆಟ್ ನೋಡಲು ಅಂಗಡಿಯವರೆಗೂ ಹೋಗಿದ್ದುಂಟು. ಅದೇ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ದಂಡವನ್ನು 500ಕ್ಕೆ ಇಳಿಸಿತು. ತಲೆಯ ಬಜೆಟ್ಟೂ ಅಲ್ಲಿಗೇ ಇಳಿಯಿತು.

"ಹಾಕ್ಕೊಂಡೇ ಹೋದ್ರೆ ಏನ್ ಕಷ್ಟ?" ಎಂದು ಕೇಳಿದರೆ ಉತ್ತರ ಸಿದ್ಧವಿದೆ: "ಕೂದಲು ಉದುರುತ್ತೆ ಸಾರ್." ಉದುರಲು ಬಾಕಿ ಇರುವುದು ಕಿವಿಯ ಮೇಲಿನ ಎರಡು ಸಾಲು ಮಾತ್ರ. ಸೆಕೆ, ಕತ್ತುನೋವು, ಹಾರ್ನ್ ಕೇಳಿಸಲ್ಲ, ಹೀಗೆ ಪಟ್ಟಿ ಬೆಳೆಯುತ್ತದೆ. ಇಷ್ಟೆಲ್ಲ ದೋಷ ಇರುವ ಹೆಲ್ಮೆಟ್ಟನ್ನು ಅವರು ಪ್ರೀತಿಯಿಂದ ತಲೆಗೇರಿಸುವ ಸಂದರ್ಭವೂ ಒಂದುಂಟು. ಫೋನ್ ಬಂದಾಗ. ಆಗ ಸರ್ಕಲ್ಲು, ಪೊಲೀಸು ಯಾವುದೂ ಬೇಕಿಲ್ಲ. ಹೆಲ್ಮೆಟ್ ಹಾಕಿ, ಕೆನ್ನೆಗೂ ಅದಕ್ಕೂ ನಡುವೆ ಮೊಬೈಲ್ ತುರುಕಿ, ಎರಡೂ ಕೈ ಹ್ಯಾಂಡಲ್ ಮೇಲಿಟ್ಟು, "ಹೇಳಿ, ಗಾಡೀಲಿದೀನಿ, ಪರವಾಗಿಲ್ಲ ಹೇಳಿ" ಎಂದು ಹಡ್ಸನ್ ಸರ್ಕಲ್‌ವರೆಗೂ ಮಾತಾಡುತ್ತಾರೆ.

ಹಾಗಂತ ಅವರಿಗೆ ಸುರಕ್ಷತೆಯ ಕಾಳಜಿ ಇಲ್ಲ ಎನ್ನಲು ನಾಲಿಗೆ ಬರುವುದಿಲ್ಲ. ಈ ಊರಿನಲ್ಲಿ ಅಷ್ಟು ಕಾಳಜಿ ಇರುವವರೇ ಕಡಿಮೆ. ಸೈಡ್ ಸ್ಟ್ಯಾಂಡ್ ಎತ್ತದೆ ಹೊರಟ ಹುಡುಗನೊಬ್ಬ ಕಣ್ಣಿಗೆ ಬಿದ್ದರೆ ಸಾಕು, ತಮ್ಮ ತಿರುವನ್ನೂ ಬಿಟ್ಟು ಅವನ ಬೆನ್ನು ಹತ್ತುತ್ತಾರೆ. "ಗುರೂ, ಸ್ಟ್ಯಾಂಡು! ಸ್ಟ್ಯಾಂಡು!" ಸ್ಕೂಟರಿನ ಹಿಂದೆ ಕೂತವರ ಸೆರಗು ಚಕ್ರದ ಕಡೆ ಇಳಿದರೆ, "ಅಕ್ಕಾ, ಸೆರಗು ನೋಡ್ಕೊಳ್ಳಿ!" ಹಾಡುಹಗಲಲ್ಲಿ ಹೆಡ್‌ಲೈಟ್ ಉರಿಸಿಕೊಂಡು ಬರುವ ಬೈಕಿಗೆಲ್ಲ ಬೆರಳು ಬಿಚ್ಚಿ ಮುಚ್ಚಿ ಸನ್ನೆ. 2017ರ ಏಪ್ರಿಲ್‌ನಿಂದ ಹೊಸ ಬೈಕುಗಳ ಹೆಡ್‌ಲೈಟ್ ಎಂಜಿನ್ ಜೊತೆಗೇ ಹತ್ತಿಕೊಳ್ಳಬೇಕೆಂಬ ನಿಯಮ ಬಂದಿದೆ, ಆರಿಸಲು ಸ್ವಿಚ್ಚೇ ಇಲ್ಲ ಎಂದು ಪಾಪ, ಇವರಿಗೆ ಯಾರೂ ತಿಳಿಸಿಲ್ಲ. ಇನ್ನು ಮುಂದಿನ ತಿರುವಿನಲ್ಲಿ ತಪಾಸಣೆ ಇದ್ದರಂತೂ ಎದುರು ಬರುವ ಅಪರಿಚಿತರಿಗೆಲ್ಲ ಲೈಟ್ ಮಿನುಗಿಸಿ, "ಹಿಡೀತಾವ್ರೆ, ಹಾಕ್ಕೊಳ್ಳಿ!" ಎಂದು ಸಾರಿಕೊಂಡು ಬರುತ್ತಾರೆ. ನೂರು ಜನರ ತಲೆಗೆ ಹೆಲ್ಮೆಟ್ ಹಾಕಿಸಿದ ಪುಣ್ಯ ಅವರದು.

ಒಟ್ಟಿನಲ್ಲಿ ಕೆಲಸದ ಹಂಚಿಕೆ ಸ್ಪಷ್ಟವಾಗಿದೆ. ಊರಿನವರ ಸುರಕ್ಷತೆ ಹೆಲ್ಮೆಟ್ಟಣ್ಣನ ಜವಾಬ್ದಾರಿ. ಹೆಲ್ಮೆಟ್ಟಣ್ಣನ ಸುರಕ್ಷತೆ ಪೊಲೀಸರ ಜವಾಬ್ದಾರಿ. ಪೊಲೀಸರು ಇಲ್ಲದ ಕಡೆ ಅದು ಯಾರ ಜವಾಬ್ದಾರಿಯೂ ಅಲ್ಲ. ಒನ್‌ವೇಯಲ್ಲಿ ಎದುರಿನಿಂದ ನುಗ್ಗುವಾಗಲೂ, "ಇಲ್ಲೇ ಸಾರ್, ಐವತ್ತು ಅಡಿ" ಎನ್ನುತ್ತಾ, ಇಂಡಿಕೇಟರ್ ಮಾತ್ರ ತಪ್ಪದೆ ಹಾಕುತ್ತಾರೆ.

ಇಷ್ಟು ಸುಸೂತ್ರವಾಗಿದ್ದ ಸಂಸಾರಕ್ಕೆ ಕಲ್ಲು ಬಿದ್ದದ್ದು 2022ರ ಡಿಸೆಂಬರ್‌ನಲ್ಲಿ. ನಗರದ 50 ಜಂಕ್ಷನ್‌ಗಳಲ್ಲಿ ಹೊಸ ಕ್ಯಾಮೆರಾ ವ್ಯವಸ್ಥೆ ಬಂತು. ಅದಕ್ಕೆ ಕಾಫಿಯಿಲ್ಲ, ಮಳೆಯಿಲ್ಲ, ತಿಂಗಳ ಕೊನೆಯ ವಾರವಿಲ್ಲ. ಕೈಮುಗಿದು "ಇಲ್ಲೇ ಮಗು ಸ್ಕೂಲ್‌ಗೆ ಬಿಡೋಕೆ ಬಂದೆ ಸಾರ್" ಎಂದರೆ ಕೇಳಿಸಿಕೊಳ್ಳುವ ಕಿವಿಯೂ ಇಲ್ಲ. ಮೇಲಾಗಿ ಬೈಕಿನ ಆರ್‌ಸಿ ಇರುವುದು ಹೆಂಡತಿಯ ಹೆಸರಿನಲ್ಲಿ. ನೋಟಿಸು, ಫೋಟೊ ಎಲ್ಲ ಹೋಗುವುದು ಆಕೆಯ ಮೊಬೈಲಿಗೆ. 2016ರ ಜನವರಿಯಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದಾಗಲೇ ಆಕೆ ಚೀಟಿ ದುಡ್ಡಿನಲ್ಲಿ ತನಗೊಂದು ಗಟ್ಟಿ ಹೆಲ್ಮೆಟ್ ಕೊಂಡವಳು. ಮೊದಲ ಫೋಟೊದಲ್ಲಿ ದಂಪತಿ ಇಬ್ಬರೂ ಇದ್ದರು. ಹಿಂದೆ ಕೂತವಳ ತಲೆ ಕಾಣದಷ್ಟು ಹೆಲ್ಮೆಟ್, ಮುಂದಿದ್ದವರ ಹೆಲ್ಮೆಟ್ ಮೊಣಕೈಯಲ್ಲಿ.

"ರೀ, ನಿಮ್ಮ ಮೊಣಕೈ ಅಂದ್ರೆ ನಿಮಗೆ ಅಷ್ಟು ಪ್ರಾಣನಾ?" ಎಂದಷ್ಟೇ ಕೇಳಿದರಂತೆ.

ದಂಡ ಬೆಳೆಯಿತು, ಹೆಲ್ಮೆಟ್ಟಣ್ಣ ಕಟ್ಟಲಿಲ್ಲ. ಅವರ ನಂಬಿಕೆ ಹುಸಿಯಾಗಲಿಲ್ಲ. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಶೇ 50ರ ರಿಯಾಯಿತಿ ಘೋಷಣೆಯಾಯಿತು. ಆಷಾಢದ ಸೀರೆ ಸೇಲಿಗೆ ಮುಗಿಬಿದ್ದ ಹಾಗೆ ಊರಿಗೆ ಊರೇ ಮುಗಿಬಿತ್ತು. ಕೆಲವೇ ದಿನಗಳಲ್ಲಿ ನೂರು ಕೋಟಿ ರೂಪಾಯಿಗೂ ಹೆಚ್ಚು ಜಮಾ ಆಯಿತು. ಸಾಲಿನಲ್ಲಿ ನಿಂತು ಕಟ್ಟಿ ಬಂದ ಹೆಲ್ಮೆಟ್ಟಣ್ಣನ ಮುಖದಲ್ಲಿ ಗೆದ್ದ ಕಳೆ. "ಎರಡು ಸಾವಿರ ಉಳಿಸಿದೆ ಕಣೇ" ಎಂದು ಮನೆಯಲ್ಲಿ ಹೇಳಿದರು. ಮೊದಲೇ ಹೆಲ್ಮೆಟ್ ಹಾಕಿದ್ದರೆ ನಾಲ್ಕು ಸಾವಿರ ಉಳಿಯುತ್ತಿತ್ತು ಎಂಬ ಲೆಕ್ಕ ಆಕೆ ಮಾಡಿದರು, ಇವರು ಕೇಳಿಸಿಕೊಳ್ಳಲಿಲ್ಲ. 2025ರಲ್ಲಿ ಮತ್ತೆ ಅರ್ಧ ದರ ಬಂದಾಗ "ಯಾವಾಗ್ಲೂ ಕಾಯ್ಬೇಕು ಸಾರ್, ಅವಸರ ಮಾಡಬಾರ್ದು" ಎಂದು ನನಗೆ ಬುದ್ಧಿ ಹೇಳಿದರು. ರಸ್ತೆಯ ಮೇಲೆ ಅವರು ಈ ಮಾತನ್ನು ಒಂದು ದಿನವೂ ಹೇಳಿದವರಲ್ಲ.

ಮೊನ್ನೆ ಸಿಗ್ನಲ್‌ನಲ್ಲಿ ಪಕ್ಕಕ್ಕೇ ಬಂದು ನಿಂತರು. ತಲೆಯ ಮೇಲೆ ಹೆಲ್ಮೆಟ್ ಇತ್ತು, ಮುಖದ ಮೇಲೆ ಬೇಸರ.

"ಏನ್ ಸಾರ್ ಇದು, ಒಂದು ಕ್ಯಾಮೆರಾ ದಾಟೋದ್ರೊಳಗೆ ಇನ್ನೊಂದು. ತೆಗೆಯೋಕೇ ಟೈಮ್ ಸಿಗಲ್ಲ. ಮನೆಯಿಂದ ಆಫೀಸ್ ತನಕ ತಲೆ ಮೇಲೇ ಇಟ್ಕೊಂಡು ಹೋಗೋ ಹಾಗಾಗಿದೆ!"

"ಒಳ್ಳೇದೇ ಆಯ್ತಲ್ಲ. ಮತ್ತೆ ಪಟ್ಟಿ ಯಾಕೆ ಹಾಗೇ ನೇತಾಡ್ತಿದೆ?"

ಹೆಲ್ಮೆಟ್ಟಣ್ಣ ಸುತ್ತ ನೋಡಿ, ದನಿ ತಗ್ಗಿಸಿ, ಕಂಬದ ಮೇಲಿನ ಕ್ಯಾಮೆರಾದತ್ತ ಗಲ್ಲ ಎತ್ತಿ ತೋರಿಸಿದರು.

"ಅದು ಮೇಲಿಂದ ನೋಡೋದು ಸಾರ್. ಗಲ್ಲದ ಕೆಳಗೆ ಕಾಣ್ಸಲ್ಲ."