ಮಿಗತೆ ಹಣದ ಮೀಮಾಂಸೆ

ಕಂಪನಿಯೂ ಅದರ ಮಾಲೀಕನೂ ಒಂದೇ ಎಂಬುದು ಪೂರ್ವಪಕ್ಷ. ಪೀಣ್ಯ ಕೈಗಾರಿಕಾ ಪ್ರದೇಶದ ಪ್ರೈವೇಟ್ ಲಿಮಿಟೆಡ್ ಮಾಲೀಕರು ಅನಾದಿಯಿಂದ ಈ ಅದ್ವೈತವನ್ನು ನಂಬಿದ್ದಾರೆ. ಬೋರ್ಡಿನ ಮೇಲೆ ತಾತನ ಹೆಸರು, ಚೆಕ್ಕಿನ ಮೇಲೆ ತನ್ನ ಸಹಿ, ಶೆಡ್ಡಿನ ಬಾಗಿಲಿಗೆ ತಾನೇ ಕಟ್ಟಿದ ನಿಂಬೆಹಣ್ಣು. ಇಷ್ಟು ಪ್ರತ್ಯಕ್ಷ ಪ್ರಮಾಣವಿರುವಾಗ ಭೇದ ಎಲ್ಲಿಂದ ಬಂತು?

ಲಂಡನ್ನಿನಿಂದ ಬಂತು. 1897ರಲ್ಲಿ ಸಾಲೊಮನ್ ಎಂಬ ಬೂಟು ವ್ಯಾಪಾರಿಯ ಮೊಕದ್ದಮೆಯಲ್ಲಿ ಹೌಸ್ ಆಫ್ ಲಾರ್ಡ್ಸ್, ಕಂಪನಿ ಬೇರೆ ಮಾಲೀಕ ಬೇರೆ ಎಂದುಬಿಟ್ಟಿತು. ಮಧ್ವಾಚಾರ್ಯರು ಐದು ಭೇದ ಹೇಳಿದ್ದರು, ಇದು ಆರನೆಯದು. ಮೊದಲ ಐದಕ್ಕೆ ಗುರು ಸಾಕು, ಆರನೆಯದಕ್ಕೆ ಆಡಿಟರೇ ಬೇಕು.

ಇದರ ವಾಕ್ಯಾರ್ಥವನ್ನು ಪ್ರಬಂಧಕಾರನು ಕಣ್ಣಾರೆ ಕಂಡಿದ್ದಾನೆ. ಮಾಲೀಕರೊಬ್ಬರು ಮಗಳ ಮದುವೆಯ ಛತ್ರಕ್ಕೆಂದು ಕಂಪನಿ ಖಾತೆಯಿಂದ 18 ಲಕ್ಷ ತೆಗೆದಿದ್ದರು. ಆಡಿಟರು ಲೆಡ್ಜರಿನ ಆ ಸಾಲಿನ ಕೆಳಗೆ ಪೆನ್ಸಿಲ್ ಇಟ್ಟುಕೊಂಡು ಕೂತಿದ್ದರು.

‘ನನ್ನ ದುಡ್ಡಲ್ವಾ ಸಾರ್?’

‘ನಿಮ್ಮದಲ್ಲ ಸಾರ್, ಕಂಪನೀದು.’

‘ಕಂಪನಿ ಯಾರ್ದು?’

‘ನಿಮ್ದೇ.’

ಕಾಫಿ ಆರಿತು. ಸಿದ್ಧಾಂತ ಆರಲಿಲ್ಲ.

ಇಲ್ಲಿಯ ಮಹಾವಾಕ್ಯ ಬಂದದ್ದು 1961ರ ಆದಾಯ ತೆರಿಗೆ ಕಾಯ್ದೆಯ 2(22)(ಇ)ಯಿಂದ. ಶೇ 10 ಅಥವಾ ಹೆಚ್ಚು ಮತಾಧಿಕಾರವಿರುವ ಷೇರುದಾರನಿಗೆ ಇಂಥ ಕಂಪನಿ ಸಾಲ ಕೊಟ್ಟರೆ, ಕೂಡಿಟ್ಟ ಲಾಭವಿರುವಷ್ಟರ ಮಟ್ಟಿಗೆ ಅದು ಡಿವಿಡೆಂಡ್. ಹಗ್ಗವನ್ನು ಹಾವೆಂದು ಕಾಣುವುದು ವೇದಾಂತದಲ್ಲಿ ಭ್ರಮೆ, ಸಾಲವನ್ನು ಡಿವಿಡೆಂಡೆಂದು ಕಾಣುವುದು ತೆರಿಗೆಶಾಸ್ತ್ರದಲ್ಲಿ ಜ್ಞಾನ. ವೇದಾಂತದಲ್ಲಿ ದೀಪ ತಂದರೆ ಹಾವು ಹೋಗುತ್ತದೆ. ಇಲ್ಲಿ ಸಾಲ ತೀರಿಸಿದರೂ ತೆರಿಗೆ ಹೋಗದು ಎಂದು ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿಯಾಗಿದೆ.

ಇನ್ನು ಮೋಕ್ಷಮಾರ್ಗಗಳು. ಶೇ 22ರ ದರ ಆರಿಸಿಕೊಂಡ ಕಂಪನಿ ಸರ್ಚಾರ್ಜು, ಸೆಸ್ಸು ಸೇರಿ ಶೇ 25.168 ಕಟ್ಟುತ್ತದೆ. 100 ರೂಪಾಯಿ ಲಾಭದಲ್ಲಿ 74.83 ಉಳಿಯಿತು. ಅದನ್ನು ಡಿವಿಡೆಂಡಾಗಿ ಹಂಚಿದರೆ, 2020ರ ಏಪ್ರಿಲಿನಿಂದ ಪಡೆದವನೇ ತೆರಿಗೆ ಕಟ್ಟಬೇಕು. ಶೇ 30ರ ಹಂತದವನಿಗೆ ಅದರಲ್ಲಿ ಸೆಸ್ ಸೇರಿ ಶೇ 31.2 ಹೋಗಿ, ಸರ್ಚಾರ್ಜ್ ಬೀಳದಿದ್ದರೂ ಮನೆ ಮುಟ್ಟುವುದು 51.48. ಅದೇ ನೂರನ್ನು ಸಂಬಳವಾಗಿ ಪಡೆದರೆ 68.80. ಆದರೆ ಸಂಬಳ ಕೆಲಸಕ್ಕೆ ತಕ್ಕಂತಿರಬೇಕು. ಅತಿಯಾದದ್ದನ್ನು ಅಧಿಕಾರಿ ಖರ್ಚೆಂದು ಒಪ್ಪುವುದಿಲ್ಲ. ಭಾನುವಾರ ಮಾತ್ರ ಫ್ಯಾಕ್ಟರಿ ಕಡೆ ಇಣುಕುವ ಭಾವಮೈದುನನಿಗೂ ಇದು ಅನ್ವಯ.

ಕೊನೆಯದು ಸಂನ್ಯಾಸ, ಅಂದರೆ ಹಣವನ್ನು ಮುಟ್ಟದೆ ಕಂಪನಿಯ ಎಫ್‌ಡಿಯಲ್ಲಿಡುವುದು. ಬಡ್ಡಿಗೂ ಶೇ 25.168ರ ತೆರಿಗೆಯುಂಟು, ಆದರೆ ಅಸಲಿಗೆ ಎರಡನೆಯ ತೆರಿಗೆ ಸದ್ಯಕ್ಕೆ ತಪ್ಪಿತು. ಮುಂದೆಂದೋ ಷೇರುಗಳನ್ನೇ ಮಾರಿದರೆ, 24 ತಿಂಗಳು ದಾಟಿದ ಷೇರಿನ ಲಾಭಕ್ಕೆ 2024ರ ಜುಲೈ 23ರಿಂದ ಶೇ 12.5ರ ದರ. ಲೆಕ್ಕದ ಪ್ರಕಾರ ಇದು ಡಿವಿಡೆಂಡಿಗಿಂತ ಶ್ರೇಷ್ಠ. ತೊಡಕು ಒಂದೇ, ಕೊಳ್ಳುವವರು ಬೇಕು. ನಮ್ಮ ಮಾಲೀಕರ ಮಗ ಡಾಲಸ್‌ನಲ್ಲಿ ಸಾಫ್ಟ್‌ವೇರ್ ಬರೆಯುತ್ತಾನೆ, ಅವನಿಗೆ ಲೇತ್ ಬೇಡವಂತೆ.

ಆದ್ದರಿಂದ ಮಾಲೀಕ ಮಹಾಶಯರೇ, ದುಡ್ಡು ತೆಗೆಯುವ ಮುಂಚೆ ಆಡಿಟರಿಗೆ ಫೋನ್ ಮಾಡಿ. ತೆಗೆದ ಮೇಲೆ ಮಾಡಿದರೆ ಅವರ ಫೀಸೂ ಜಾಸ್ತಿ.